ಚಿನ್ನ ಹೋದ ಮೇಲಿನ ಕಚೇರಿ

ಅಮೆರಿಕದ ನೆವಾಡಾ ರಾಜ್ಯದಲ್ಲಿ ಎಸ್ಮೆರಾಲ್ಡಾ ಎಂಬ ಕೌಂಟಿ ಇದೆ. ವಿಸ್ತೀರ್ಣ ಸುಮಾರು 9,300 ಚದರ ಕಿಲೋಮೀಟರ್. 2020ರ ಜನಗಣತಿಯವರಿಗೆ ಅಲ್ಲಿ ಸಿಕ್ಕವರು 729 ಮಂದಿ. ತಲೆಗೆ 12 ಚದರ ಕಿಲೋಮೀಟರಿಗೂ ಮಿಕ್ಕಿ ನೆಲ. ನೆಲ ಅಂದರೆ ಏನು, ಕುರುಚಲು, ಉಪ್ಪುಹಾಸು, ಬೋಳುಗುಡ್ಡ. ಇಡೀ ಕೌಂಟಿಯಲ್ಲಿ ಒಂದು ಹೈಸ್ಕೂಲಿಲ್ಲ. ಮಕ್ಕಳು ಪಕ್ಕದ ಕೌಂಟಿಯ ಟೊನೋಪಾಕ್ಕೆ ಹೋಗಿ ಓದಬೇಕು. ಆದರೆ ಗೋಲ್ಡ್‌ಫೀಲ್ಡ್ ಎಂಬ ಊರಿನಲ್ಲಿ ಕೋಟೆಯ ಗತ್ತಿನ ಕಲ್ಲುಕಟ್ಟಡದ ಕೋರ್ಟು ಇದೆ. ನ್ಯಾಯಪೀಠದ ಮೇಲೆ ಟಿಫಾನಿ ಕಂಪನಿಯ ಬಣ್ಣಗಾಜಿನ ದೀಪಗಳು ಇಂದಿಗೂ ಇವೆ.

ಈ ಕೋರ್ಟಿಗೆ ಕಾಲು ನಿಂತ ಕಡೆ ನಿಲ್ಲದ ಚರಿತ್ರೆ. ಕೌಂಟಿ ಹುಟ್ಟಿದ್ದು 1861ರಲ್ಲಿ. ಕೋರ್ಟು ಕೂರುವ ಅದರ ಮೊದಲ ಆಡಳಿತ ಕೇಂದ್ರ ಅರೋರಾ ಎಂಬ ಗಣಿಯೂರು. ಗಣಿ ಬತ್ತಿತು. 1883ರಲ್ಲಿ ಕೇಂದ್ರ ಗಂಟುಮೂಟೆ ಕಟ್ಟಿಕೊಂಡು, ರೈಲು ಬಂದಿದ್ದ ಹಾಥಾರ್ನ್‌ಗೆ ಹೋಯಿತು. 1902ರಲ್ಲಿ ಗೋಲ್ಡ್‌ಫೀಲ್ಡಿನ ಗುಡ್ಡದಲ್ಲಿ ಚಿನ್ನ ಕಂಡದ್ದೇ ತಡ, ಐದಾರು ವರ್ಷಗಳಲ್ಲಿ ಅಲ್ಲಿ ಸುಮಾರು 20,000 ಜನ ತುಂಬಿ ಅದು ನೆವಾಡಾದ ಅತಿ ದೊಡ್ಡ ಊರಾಯಿತು. 1907ರಲ್ಲಿ ಕೇಂದ್ರವೂ ಅಲ್ಲಿಗೆ ಬಂತು, ಕೋರ್ಟು ಎದ್ದಿತು. ಇನ್ನೊಂದು ತಮಾಷೆ ಕೇಳಿ: 1911ರಲ್ಲಿ ಕೌಂಟಿಯೇ ಒಡೆದು, ಹಳೆಯ ಆ ಎರಡು ಕೇಂದ್ರಗಳೂ ಬೇರೆ ಕೌಂಟಿಯ ಪಾಲಾದವು. ತನ್ನ ಹಳೆಯ ರಾಜಧಾನಿಗಳನ್ನೇ ಕಳೆದುಕೊಂಡ ಸೀಮೆ!

ಆಮೇಲೆ ಚಿನ್ನ ಇಳಿಯಿತು. 1913ರಲ್ಲಿ ಪ್ರವಾಹ ಬಂತು. 1923ರಲ್ಲಿ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟಿತು. ಕಳ್ಳಭಟ್ಟಿ ಸಿಡಿದು ಹೊತ್ತಿದ್ದು ಎಂದು ಹೇಳುವವರಿದ್ದಾರೆ, ಅದು ಪಾನನಿಷೇಧದ ಕಾಲ. ಕೋರ್ಟು ಮಾತ್ರ ಉಳಿಯಿತು. ಈ ಸಲ ಎಲ್ಲಿಗೂ ಹೋಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಊರು ಖಾಲಿಯಾಗುವುದು ದೊಡ್ಡ ಅಚ್ಚರಿಯಲ್ಲ. ಗಣಿಯೂರುಗಳ ಹಣೆಬರಹವೇ ಅದು. ಜನ ಹೋದ ಮೇಲೂ ಕಚೇರಿಯ ಬಾಗಿಲು ಬೆಳಗ್ಗೆ ತೆರೆಯುವುದಿದೆಯಲ್ಲ, ಅದು ನನಗೆ ಅಚ್ಚರಿ. 729 ಜನರಿಗೂ ಒಬ್ಬ ಶೆರಿಫ್ ಬೇಕು. ಜಮೀನು ಕೈ ಬದಲಾದರೆ ದಾಖಲೆಯಾಗಬೇಕು, ಜಗಳ ಬಂದರೆ ಇತ್ಯರ್ಥವಾಗಬೇಕು. 20,000 ಜನರಿಗಾಗಿ ಮಾಡಿಟ್ಟ ದೊಡ್ಡಸ್ತಿಕೆಯ ನಡುವೆ ಬೆರಳೆಣಿಕೆಯವರ ಕೆಲಸ ಅದೇ ಗಾಂಭೀರ್ಯದಿಂದ ನಡೆಯುತ್ತದೆ. ಖರ್ಚಿನ ಲೆಕ್ಕ ನೋಡುವವರು ಇದನ್ನು ದುಂದು ಅಂದಾರು. ನನಗೆ ಹಾಗನ್ನಿಸುವುದಿಲ್ಲ. ಜನ ಕಡಿಮೆಯಾದರು ಎಂದು ಕಾನೂನು ತೆಳ್ಳಗಾಗಲಿಲ್ಲವಲ್ಲ!

ಕಚೇರಿ ಹಾಗೆ ಕಾದದ್ದಕ್ಕೆ ಈಗ ಕೆಲಸವೂ ಬಂದಿದೆ. ಅದೇ ಕೌಂಟಿಯ ಸಿಲ್ವರ್ ಪೀಕ್‌ನಲ್ಲಿ 1960ರ ದಶಕದಿಂದ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಕೊಳಗಳಲ್ಲಿ ಬಿಸಿಲಿಗೆ ಆರಿಸಿ ಲಿಥಿಯಂ ತೆಗೆಯುತ್ತಿದ್ದಾರೆ. ಬ್ಯಾಟರಿಯ ಕಾಲ ಬಂದ ಮೇಲೆ ಯಾರಿಗೂ ಬೇಡವಾಗಿದ್ದ ಉಪ್ಪುಹಾಸಿಗೆ ಬೆಲೆ ಏರಿತು. ಸರ್ಕಾರಿ ನೆಲದಲ್ಲಿ ಗಣಿಹಕ್ಕು ಗುರುತಿಸಿಕೊಂಡವರು ಕೌಂಟಿಯ ದಾಖಲೆ ಕಚೇರಿಯಲ್ಲಿ ಅದನ್ನು ನೋಂದಾಯಿಸಬೇಕು. ಹಾಗಾಗಿ ಇವತ್ತಿನ ಲಿಥಿಯಂ ಕಾಗದಗಳೂ, ಅಂದು ಚಿನ್ನದ ಗುಡ್ಡಗಳಿಗಾಗಿ ಮುಗಿಬಿದ್ದವರ ಕಾಗದಗಳ ಹಾಗೆ, ಗೋಲ್ಡ್‌ಫೀಲ್ಡಿಗೇ ಬರುತ್ತವೆ.