ನಕ್ಷೆಯ ಮೂಲೆಯ ಸಹಿ

ಇಂಜಿನಿಯರಿಂಗ್ ಡ್ರಾಯಿಂಗ್ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕವಿರುತ್ತದೆ. ಬಿಡಿಭಾಗದ ನಂಬರು, ಯಾವ ಲೋಹ, ಎಷ್ಟನೆಯ ರಿವಿಜನ್, ಆಮೇಲೆ ಮೂರು ಸಹಿ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ದೊಡ್ಡ ಕಂಪನಿಯಲ್ಲಿ ಆಯುಷ್ಯವಿಡೀ ದುಡಿದವರ ಬದುಕಿನ ಬಹುಪಾಲು ಈ ಅಂಗೈಯಗಲದ ಜಾಗದಲ್ಲಿ ಕಳೆದಿರುತ್ತದೆ. ಮದುವೆಮನೆಯಲ್ಲಿ ಯಾರಾದರೂ ‘ನೀವು ಏನು ಮಾಡ್ತೀರಿ?’ ಎಂದು ಕೇಳಿದರೆ ‘ವಿಮಾನ’ ಎನ್ನಲು ನಾಲಿಗೆ ಏಳುವುದಿಲ್ಲ. ಮಾಡಿದ್ದು ರೆಕ್ಕೆಯೊಳಗಿನ ಒಂದು ಬ್ರಾಕೆಟ್, ಅದರಲ್ಲಿ ನಾಲ್ಕು ತೂತು.

1969ರ ಫೆಬ್ರವರಿ 9ರಂದು ಮೊದಲ ಸಲ ಹಾರಿದ ಬೋಯಿಂಗ್ 747ಕ್ಕೆ ಬೇಕಾದದ್ದು ಸುಮಾರು 75,000 ಡ್ರಾಯಿಂಗ್‌ಗಳು. ಮುಂದೆ ಬಂದ 747-400 ಮಾದರಿಯಲ್ಲಿ ಅರವತ್ತು ಲಕ್ಷ ಬಿಡಿಭಾಗ, ಅದರಲ್ಲಿ ಅರ್ಧದಷ್ಟು ಬೋಲ್ಟು, ರಿವೆಟ್ಟಿನಂಥ ಬಂಧಕಗಳು. ಅವೆಲ್ಲವನ್ನೂ ಒಬ್ಬನೇ ಕೂತು ಓದಿ ತಲೆಯಲ್ಲಿಟ್ಟುಕೊಳ್ಳುವುದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ. ಯಾರ ತಲೆಯಲ್ಲೂ ಪೂರ್ತಿಯಾಗಿ ಇಲ್ಲದ ವಸ್ತುವೊಂದು ಮುನ್ನೂರು ನಾನೂರು ಜನರನ್ನು ಹೊತ್ತು ಸಮುದ್ರ ದಾಟುತ್ತದೆ. ಅದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ‘ನಾನು ಬರೀ ಒಂದು ನಟ್ಟು’ ಎಂಬ ಕೊರಗು ಕ್ಯಾಂಟೀನಿನಲ್ಲಿ ಮತ್ತೆ ಮತ್ತೆ ಕೇಳಿಬರುವಂಥದ್ದು. ನನಗೆ ಅದರಲ್ಲಿ ಪಾಲಿಲ್ಲ. ಭಾಗ ಚಿಕ್ಕದಾಗಿರುವುದು ದುಃಖಪಡುವ ವಿಷಯವಲ್ಲ. ಚಿಕ್ಕ ಭಾಗಗಳು ಕೂಡದೆ ದೊಡ್ಡದೇನೂ ಆಗದು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಸಾವಿರಾರು ಜನ ಸೇರಿ ಮಾಡುವ ಕೆಲಸದಲ್ಲಿ ಸತ್ಯ ಎಲ್ಲಿ ಇರುತ್ತದೆ? ಯಾರ ಹತ್ತಿರ?

ಕೆಲಸ ಎಂದರೆ ನಮ್ಮ ಮನಸ್ಸಿಗೆ ಬರುವುದು ಶರಣರ ಕಾಯಕ. ಅಂಬಿಗರ ಚೌಡಯ್ಯ ತಾನು ದಾಟಿಸುವವರ ಮುಖ ನೋಡುತ್ತಿದ್ದ. ನುಲಿಯ ಚಂದಯ್ಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ತಾನೇ ಮಾರುತ್ತಿದ್ದ. ಹಗ್ಗ ಹರಿದರೆ ಕೊಂಡವನು ಮರುದಿನವೇ ಎದುರಿಗೆ ನಿಲ್ಲುತ್ತಿದ್ದ. ಆ ಕಾಯಕದಲ್ಲಿ ಕೈ, ಕಣ್ಣು, ಹೊಣೆ ಮೂರೂ ಒಂದೇ ಮೈಯಲ್ಲಿದ್ದವು. ದೊಡ್ಡ ಕಂಪನಿ ಈ ಮೂರನ್ನೂ ಬೇರೆ ಬೇರೆ ವಿಭಾಗಕ್ಕೆ ಹಂಚುತ್ತದೆ. ಹಂಚದೆ ನಡೆಯದು, ನಿಜ. ಆದರೆ ಹಂಚಿದ ಮೇಲೆ ಅವನ್ನು ಮತ್ತೆ ಕೂಡಿಸುವವರು ಯಾರು?

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ಚಿನ ಪ್ರಕರಣ ಈ ಪ್ರಶ್ನೆಯನ್ನು ರಕ್ತದಲ್ಲಿ ಬರೆದಿಟ್ಟಿದೆ. ಷೆವರ್ಲೆ ಕೋಬಾಲ್ಟ್‌ನಂಥ ಸಣ್ಣ ಕಾರುಗಳಲ್ಲಿ ಕೀಲಿಯ ಸ್ವಿಚ್ಚು ಇರಬೇಕಾದಷ್ಟು ಬಿಗಿಯಾಗಿರಲಿಲ್ಲ. ಭಾರದ ಕೀಲಿಗೊಂಚಲು ಜಗ್ಗಿದರೆ, ಮೊಣಕಾಲು ತಾಗಿದರೆ, ಓಡುವ ಕಾರಿನಲ್ಲೇ ಕೀಲಿ ಹಿಂದಕ್ಕೆ ತಿರುಗಿ ಇಂಜಿನ್ ನಿಂತುಬಿಡುತ್ತಿತ್ತು. ಕಂಪನಿಯೊಳಗೆ ಈ ದೂರು ಬಂದಿತ್ತು. ಕಾರು ನಿಂತರೂ ಸ್ಟಿಯರಿಂಗ್ ಕಷ್ಟಪಟ್ಟು ತಿರುಗಿಸಬಹುದು ಎಂಬ ಕಾರಣಕ್ಕೆ ಅದು ‘ಗ್ರಾಹಕರ ಅನುಕೂಲ’ದ ಪಟ್ಟಿಗೆ ಹೋಯಿತು, ಸುರಕ್ಷತೆಯ ಪಟ್ಟಿಗೆ ಹೋಗಲಿಲ್ಲ. ಕೀಲಿ ಹಿಂದಕ್ಕೆ ತಿರುಗಿದರೆ ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಅದನ್ನು ತೀರ್ಮಾನಿಸಿದವರಿಗೆ ಹೊಳೆದಿರಲಿಲ್ಲ. ಆ ವ್ಯವಸ್ಥೆಯನ್ನು ಹಾಗೆ ರೂಪಿಸಿದವರೂ ಅದೇ ಕಂಪನಿಯ ಇಂಜಿನಿಯರುಗಳೇ: ನಿಂತ ಕಾರಿನಲ್ಲಿ ಏರ್‌ಬ್ಯಾಗ್ ಸಿಡಿದು ಕೂತವರಿಗೆ ಪೆಟ್ಟಾಗದಿರಲೆಂದು. ಸ್ವಿಚ್ಚು ಬಲ್ಲವರಿಗೆ ಏರ್‌ಬ್ಯಾಗ್ ತಿಳಿದಿರಲಿಲ್ಲ. ಏರ್‌ಬ್ಯಾಗ್ ಬಲ್ಲವರಿಗೆ ಸ್ವಿಚ್ಚಿನ ಸಂಗತಿ ತಿಳಿದಿರಲಿಲ್ಲ.

ಇಷ್ಟೇ ಆಗಿದ್ದರೆ ಅಜ್ಞಾನ ಎನ್ನಬಹುದಿತ್ತು. 2006ರಲ್ಲಿ ಸ್ವಿಚ್ಚಿನ ಹೊಣೆ ಹೊತ್ತಿದ್ದ ಇಂಜಿನಿಯರು ಒಳಗಿನ ಕಡ್ಡಿಯನ್ನು ಉದ್ದ ಮಾಡಿ, ಸ್ಪ್ರಿಂಗನ್ನು ಬಿಗಿ ಮಾಡುವ ಬದಲಾವಣೆಗೆ ಸಹಿ ಹಾಕಿದರು. ದೋಷ ಸರಿಹೋಯಿತು. ಆದರೆ ಬಿಡಿಭಾಗದ ನಂಬರು ಬದಲಾಗಲಿಲ್ಲ. ವರ್ಷಗಳ ನಂತರ, ಹಳೆಯ ಕಾರುಗಳಲ್ಲಿ ಜನ ಸಾಯುತ್ತಿದ್ದಾರೆ, ಹೊಸವುಗಳಲ್ಲಿ ಇಲ್ಲ, ಯಾಕೆ ಎಂದು ಕಂಪನಿಯವರೇ ಹುಡುಕಿದರು. ದಾಖಲೆ ನೋಡಿದರೆ ಎರಡರಲ್ಲೂ ಅದೇ ನಂಬರಿನ ಸ್ವಿಚ್ಚು. ಹುಡುಕಾಟ ಅಲ್ಲಿಗೇ ನಿಂತುಹೋಗುತ್ತಿತ್ತು. 2013ರಲ್ಲಿ, ಮಗಳನ್ನು ಕಳೆದುಕೊಂಡ ಕುಟುಂಬವೊಂದರ ವಕೀಲರು ನೇಮಿಸಿದ ಹೊರಗಿನ ಇಂಜಿನಿಯರು ಹಳೆಯದನ್ನೂ ಹೊಸದನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ಅಳೆದಾಗ ವ್ಯತ್ಯಾಸ ಬಯಲಾಯಿತು. 2014ರಲ್ಲಿ 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡರು. ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124.

ಈ ಕಥೆಯಲ್ಲಿ ಸ್ವಿಚ್ಚಿನ ಸಡಿಲಕ್ಕಿಂತ ನಂಬರಿನ ಮೌನ ನನ್ನನ್ನು ಹೆಚ್ಚು ಕಲಕುತ್ತದೆ. ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುವ ಕಡೆ ನೆನಪು ಎಂಬುದು ಯಾರ ಎದೆಯಲ್ಲೂ ಉಳಿಯದು. ಜನ ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ಉಳಿಯುವುದು ಕಾಗದ. ಕಾಗದದ ಕೆಲಸವನ್ನು ಗುಮಾಸ್ತಗಿರಿ ಎಂದು ಹೀಗಳೆಯುವುದು ಇಂಜಿನಿಯರುಗಳ ಹಳೆಯ ಚಾಳಿ. ಲೆಕ್ಕ ಹಾಕುವುದು ವಿದ್ಯೆ, ರಿವಿಜನ್ ಬರೆಯುವುದು ಕಿರಿಕಿರಿ. ನನಗಂತೂ ಈಗ ಆ ಕಿರಿಕಿರಿಯೇ ಈ ವೃತ್ತಿಯ ಧರ್ಮ ಎನ್ನಿಸಿದೆ. ಇನ್ನೊಬ್ಬ ಅಪರಿಚಿತನ ಜೊತೆ ನಾವು ಮಾತಾಡುವುದು ಅಲ್ಲಿ ಮಾತ್ರ.

1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾದಂದಿನಿಂದ ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಮೂಲಕ ಬೆಂಗಳೂರಿನ ಎಷ್ಟೋ ಮನೆಗಳ ದಿನಚರಿ ಕಾರ್ಖಾನೆಯ ಸೈರನ್ನಿಗೆ, ಕಂಪನಿ ಬಸ್ಸಿಗೆ ಹೊಂದಿಕೊಂಡೇ ಬೆಳೆದದ್ದು. ಆಗ ಡಿಸೈನ್ ಆಫೀಸಿನವನು ಸಂದೇಹ ಬಂದರೆ ಶಾಪಿಗೆ ಇಳಿದು ಹೋಗಿ ಲೇತಿನ ಮುಂದೆ ನಿಂತು ಕೇಳಬಹುದಿತ್ತು. ಈಗ ಅದೇ ಊರಿನಲ್ಲಿ ಏರ್‌ಬಸ್, ಬೋಯಿಂಗ್‌ಗಳ ಇಂಜಿನಿಯರಿಂಗ್ ಕೇಂದ್ರಗಳಿವೆ. ಇಲ್ಲಿ ಒಬ್ಬಳು ಹುಡುಗಿ ತಿದ್ದಿದ ಅಳತೆಯನ್ನು ಇನ್ನೊಂದು ಖಂಡದಲ್ಲಿ ಒಬ್ಬ ಫಿಟ್ಟರು ಓದುತ್ತಾನೆ. ಅವರಿಬ್ಬರ ನಡುವೆ ಇರುವುದು ಆ ಚೌಕ ಒಂದೇ.

ನನಗೆ ಕೆಲಸ ಕಲಿಸಿದ ಚೆಕ್ಕರ್ ಒಬ್ಬರಿದ್ದರು. ಕೆಂಪು ಪೆನ್ಸಿಲಿನಲ್ಲಿ ಒಂದೊಂದೇ ಅಳತೆಗೆ ಟಿಕ್ ಹಾಕುತ್ತಿದ್ದರು. ಬದಲಾವಣೆಗೆ ‘ಕಾರಣ’ ಎಂಬ ಜಾಗದಲ್ಲಿ ನಾವು ‘ಸುಧಾರಣೆಗಾಗಿ’ ಎಂದು ಬರೆದರೆ ಹಾಳೆ ವಾಪಸು. “ಹತ್ತು ವರ್ಷ ಆದ್ಮೇಲೆ ಇದನ್ನ ನೋಡೋನಿಗೆ ನೀನು ಸಿಗೋದಿಲ್ಲಪ್ಪ. ಅವನಿಗೆ ಏನ್ ಹೇಳ್ಬೇಕೋ ಇಲ್ಲೇ ಬರಿ” ಎನ್ನುತ್ತಿದ್ದರು. ಇನ್ನೂ ಹುಟ್ಟದ ಪ್ರಶ್ನೆಗೆ ಇವತ್ತೇ ನಿಜ ಬರೆದಿಡುವ ಶ್ರದ್ಧೆ ಅದು. ಅದಕ್ಕೆ ಬಡ್ತಿ ಇಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅದು ಇಲ್ಲದ ಕಡೆ ಏನಾಗುತ್ತದೆ ಎಂಬುದು ಜನರಲ್ ಮೋಟಾರ್ಸ್‌ನ ತನಿಖಾ ವರದಿಯಲ್ಲಿದೆ. ಅಲ್ಲಿನ ಸಭೆಗಳಲ್ಲಿ ಎಲ್ಲರೂ ತಲೆಯಾಡಿಸಿ ಒಪ್ಪಿ, ಎದ್ದುಹೋದ ಮೇಲೆ ಯಾರೂ ಏನೂ ಮಾಡದೆ ಇರುವುದಕ್ಕೆ ‘ಜಿಎಂ ತಲೆಯಾಟ’ ಎಂಬ ಹೆಸರೇ ಇತ್ತು. ಕೈಕಟ್ಟಿಕೊಂಡು ಎರಡೂ ಬೆರಳುಗಳನ್ನು ಅಕ್ಕಪಕ್ಕದವರತ್ತ ತೋರಿಸುವುದು ‘ಜಿಎಂ ಸಲಾಮು’. ಹದಿನೈದು ಜನರನ್ನು ಕೆಲಸದಿಂದ ತೆಗೆದರು.

ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬ ಎಷ್ಟನ್ನು ಹೊರಬಲ್ಲ ಎಂದು ಕೇಳಬಹುದು. ಎಲ್ಲವನ್ನೂ ತಿಳಿಯಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ತನ್ನ ಸ್ವಿಚ್ಚು ತಿರುಗಿದಾಗ ಪಕ್ಕದ ವಿಭಾಗದಲ್ಲಿ ಏನು ಆರಿಹೋಗುತ್ತದೆ ಎಂದು ಕೇಳಲು ಎಲ್ಲವನ್ನೂ ತಿಳಿದಿರಬೇಕಿಲ್ಲ. 2006ರ ಅಕ್ಟೋಬರಿನಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಕೋಬಾಲ್ಟ್ ಅಪಘಾತವಾಗಿ ಹರೆಯದ ಇಬ್ಬರು ಹುಡುಗಿಯರು ಸತ್ತರು. ಅದರ ತನಿಖೆ ಮಾಡಿದ ರಾಜ್ಯ ಪೊಲೀಸಿನವನು 2007ರ ಫೆಬ್ರವರಿಯಲ್ಲೇ ಬರೆದಿಟ್ಟ: ಕೀಲಿ ಜಾರಿದ್ದಕ್ಕೂ ಏರ್‌ಬ್ಯಾಗ್ ಬಿಚ್ಚದಿದ್ದಕ್ಕೂ ಸಂಬಂಧವಿದೆ. ಅವನು ಸ್ವಿಚ್ಚು ವಿಭಾಗದವನೂ ಅಲ್ಲ, ಏರ್‌ಬ್ಯಾಗ್ ವಿಭಾಗದವನೂ ಅಲ್ಲ. ಅವನ ಮುಂದೆ ಇದ್ದದ್ದು ಇಡೀ ಕಾರು. ಆ ವರದಿಯ ಪ್ರತಿ ಕಂಪನಿಯ ಕಡತದಲ್ಲೂ ಇತ್ತು.