ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಗಾಡಿ ಓಡಿದರೆ ಖರ್ಚು, ನಿಂತರೆ ಉಳಿತಾಯ ಎಂಬುದು ನಮ್ಮ ಸಾಮಾನ್ಯ ಲೆಕ್ಕ. ಪೆಟ್ರೋಲಿನ ಮಟ್ಟಿಗೆ ಅದು ನಿಜ, ಬ್ಯಾಟರಿಯ ಮಟ್ಟಿಗೆ ಸುಳ್ಳು. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿದ್ದು, ವಾರಗಟ್ಟಲೆ ಕದಲದೆ ನಿಂತ ಕಾರುಗಳನ್ನು ಜನ ಮತ್ತೆ ಚಾಲೂ ಮಾಡಲು ಹೋದಾಗ ಇದು ಓಣಿ ಓಣಿಯಲ್ಲಿ ಗೊತ್ತಾಯಿತು. ಕೀಲಿ ತೆಗೆದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಕಳ್ಳರ ಅಲಾರಾಂ, ಎಂಜಿನ್ನಿನ ಕಂಪ್ಯೂಟರಿನ ನೆನಪು, ಇವೆಲ್ಲ ಗುಟುಕು ಗುಟುಕಾಗಿ ಕರೆಂಟು ಕುಡಿಯುತ್ತಲೇ ಇರುತ್ತವೆ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಇದು ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ದಾಟಬಾರದು. ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಹೀಗೆ ಬರಿದಾಗಲು ಹೆಚ್ಚುಕಡಿಮೆ ತಿಂಗಳು ಬೇಕು.

ತಿಂಗಳಿಗೆ ಇಳಿದರೆ ಸಹಜ, ವಾರಕ್ಕೇ ಇಳಿದರೆ ರೋಗ. ಆ ರೋಗವನ್ನು ಹುಡುಕುವ ಕೆಲಸದಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆಯೊಂದು ಇದೆ ಎಂದು ನನಗೆ ಅನ್ನಿಸಿದ್ದು ಧಾರವಾಡದ ನಮ್ಮ ಓಣಿಯಲ್ಲಿ ನಡೆದ ಒಂದು ಸಂಗತಿಯಿಂದ.

ನಿವೃತ್ತ ಮಾಸ್ತರರೊಬ್ಬರ ಹತ್ತು ವರ್ಷದ ಕಾರು ಅದು. ಹುಬ್ಬಳ್ಳಿಗೆ ಹೋಗಲು ಅವರಿಗೆ ಚಿಗರಿ ಬಸ್ಸೇ ಸಾಕು. ಕಾರು ಹೊರಬೀಳುವುದು ರವಿವಾರ ಮಾತ್ರ, ತರಕಾರಿಗೆ ಮತ್ತು ಬೀಗರ ಮನೆಗೆ. ಶನಿವಾರ ಸಂಜೆ ಹತ್ತೊಂಬತ್ತರ ಹುಡುಗನೊಬ್ಬ ಬಂದು ಕಾರು ತೊಳೆದು, ಕೀಲಿ ಇಸಿದುಕೊಂಡು ಒಳಗಿನ ಮ್ಯಾಟು ಝಾಡಿಸಿ ಹೋಗುತ್ತಿದ್ದ. ಕಾಲೇಜಿಗೆ ಹೋಗುತ್ತಲೇ ಓಣಿಯ ನಾಲ್ಕು ಕಾರು ತೊಳೆದು ಖರ್ಚು ನೀಗಿಸಿಕೊಳ್ಳುವವನು. ಮಳೆಗಾಲದಿಂದ ಈಚೆಗೆ ರವಿವಾರ ಬೆಳಿಗ್ಗೆ ಕಾರು ಏಳದೆ ಹೋಗತೊಡಗಿತು. ಒಂದು ಬ್ಯಾಟರಿ ಬದಲಾಯಿತು, ಚಳಿಗಾಲಕ್ಕೆ ಇನ್ನೊಂದು. ಆಮೇಲೆ ಮಾಸ್ತರರಿಗೆ ಹೊಳೆಯಿತು: ಶನಿವಾರ ಹುಡುಗ ಬರುತ್ತಾನೆ, ರವಿವಾರ ಬ್ಯಾಟರಿ ಸತ್ತಿರುತ್ತದೆ. ಮೊದಮೊದಲು ಒಂದೆರಡು ಸಲ ಅವನು ಹಾಡು ಹಚ್ಚಿಕೊಂಡು ತೊಳೆದದ್ದನ್ನು ಅವರು ನೋಡಿದ್ದರು. ಕೇಳಿದರೆ ಹುಡುಗ, "ಈಗ ರೇಡಿಯೊ ಹತ್ತೂದ ಇಲ್ರಿ ಸರ್" ಎಂದ. ಅದು ಅವರಿಗೆ ಉದ್ಧಟತನವಾಗಿ ಕೇಳಿಸಿತು. ಮಾರ್ಚಿನಲ್ಲಿ ಅವನನ್ನು ಬಿಡಿಸಿದರು. ಸುದ್ದಿ ಹಬ್ಬಿ ಇನ್ನೊಂದು ಮನೆಯವರೂ ಬಿಡಿಸಿದರು.

ಮುಂದಿನ ಎರಡು ವಾರ ಕಾರು ಸರಿಯಾಗಿ ಎದ್ದಿತು. ಮೂರನೆಯ ವಾರ ಮತ್ತೆ ಸತ್ತಿತು.

ಆಗ ಹುಬ್ಬಳ್ಳಿಯಿಂದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಬಂದರು. ಟಾರ್ಚು ಹಿಡಿಯಲು ನಾನಿದ್ದೆ. ಅವರು ಮೊದಲು ಇನ್ನೊಂದು ಬ್ಯಾಟರಿಯಿಂದ ಕಾರನ್ನು ಎಬ್ಬಿಸಿ, ತಮ್ಮದೇ ಚಾರ್ಜಾದ ಬ್ಯಾಟರಿ ಕೂಡಿಸಿದರು. ಮೀಟರಿನಲ್ಲಿ 12.6 ವೋಲ್ಟ್. ಅದರ ಮೈನಸ್ ವೈರ್ ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಸೇರಿಸಿದರು. ಈಗ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರನ್ನು ಹಾದೇ ಹೋಗಬೇಕು. ನಾನು ಬಾಗಿಲು ತೆಗೆಯಲು ಹೋದರೆ ತಡೆದರು. "ತಡೀರಿ, ಗಾಡಿ ಮಲಕೊಳ್ಳಲಿ. ಎಬ್ಬಿಸಿ ನೋಡಿದ್ರ ಖರೇ ಲೆಕ್ಕ ಸಿಗೂದಿಲ್ಲ." ಕಾಲು ಗಂಟೆ ಕಳೆಯಿತು. ಮೀಟರು 0.45 ಆಂಪಿಯರಿಗೆ ಬಂದು ನಿಂತಿತು. ಇರಬೇಕಾದದ್ದರ ಒಂಬತ್ತು ಪಟ್ಟು. ಅವರ ಮೊದಲ ಅನುಮಾನವೂ ರೇಡಿಯೊದ ಮೇಲೆಯೇ. ಅದರ ಫ್ಯೂಸ್ ಕಿತ್ತರು, ಅಂಕಿ ಅಲುಗಲಿಲ್ಲ. ಫ್ಯೂಸನ್ನು ಮತ್ತೆ ಅದರ ಜಾಗಕ್ಕೆ ಒತ್ತಿದರು. ಹೀಗೆ ಒಂದೊಂದಾಗಿ ಕಿತ್ತು, ನೋಡಿ, ಮರಳಿ ಹಾಕುತ್ತ ಹೋದಾಗ ಒಳದೀಪಗಳ ಫ್ಯೂಸಿಗೆ ಅಂಕಿ 0.03ಕ್ಕೆ ಬಿದ್ದಿತು. ಕೊನೆಗೆ ಸಿಕ್ಕಿದ್ದು ಡಿಕ್ಕಿಯ ಐದು ವ್ಯಾಟಿನ ದೀಪ. ಮುಚ್ಚಳ ಮುಚ್ಚಿದಾಗ ಅದನ್ನು ಆರಿಸಬೇಕಾದ ಸ್ವಿಚ್ಚು ನಮ್ಮೂರ ಮಳೆಗೆ ತುಕ್ಕು ಹಿಡಿದಿತ್ತು. ಮುಚ್ಚಳ ಜೋರಾಗಿ ಬಡಿದರೆ ದೀಪ ಆರುತ್ತಿತ್ತು, ಮೆಲ್ಲಗೆ ಮುಚ್ಚಿದರೆ ಇಲ್ಲ.

ಐದು ವ್ಯಾಟು ಅಂದರೆ ಸುಮಾರು 0.42 ಆಂಪಿಯರ್, ದಿನಕ್ಕೆ 10 ಆಂಪಿಯರ್-ಅವರ್. ರವಿವಾರ ತರಕಾರಿ ಚೀಲ ಇಳಿಸಿ ಮಾಸ್ತರರು ಡಿಕ್ಕಿ ಮುಚ್ಚಿದರೆ ಗುರುವಾರದ ಹೊತ್ತಿಗೆ ಬ್ಯಾಟರಿ ಖಾಲಿ. ಹುಡುಗ ಶನಿವಾರ ಬರುವಾಗ ಅದು ಸತ್ತು ಎರಡು ದಿನವಾಗಿರುತ್ತಿತ್ತು. ರೇಡಿಯೊ ಹತ್ತುವುದಿಲ್ಲ ಎಂದು ಅವನು ಹೇಳಿದ್ದು ಅಕ್ಷರಶಃ ನಿಜ. ಇಡೀ ಓಣಿಯಲ್ಲಿ ರೋಗದ ಲಕ್ಷಣವನ್ನು ಸರಿಯಾಗಿ ಕಂಡಿದ್ದವನು ಅವನೊಬ್ಬನೇ.

ಇಲ್ಲಿ ಎಲ್ಲಿ ಎಲ್ಲಿ ತಪ್ಪು ದಾರಿಗಳಿದ್ದವು ನೋಡೋಣ. ಮೊದಲನೆಯದು ಬ್ಯಾಟರಿಯದೇ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ ಮಾಡಿದ. ಇಂದಿಗೂ ಬಹುಪಾಲು ಕಾರುಗಳಲ್ಲಿರುವುದು ಅದರ ವಂಶದ್ದೇ. ಕರೆಂಟು ಕೊಡುತ್ತ ಹೋದಂತೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಚಾರ್ಜಾದಾಗ ಕರಗುತ್ತದೆ. ಖಾಲಿಯಾಗಿ ಬಹಳ ದಿನ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಮರಳುವುದು ಕಷ್ಟ. ಆದ್ದರಿಂದ ಅಂಗಡಿಯವರು ಪರೀಕ್ಷಿಸಿ "ಬ್ಯಾಟರಿ ವೀಕ್" ಎಂದದ್ದು ಸುಳ್ಳಲ್ಲ. ಅದು ನಿಜವಾಗಿಯೂ ದುರ್ಬಲವಾಗಿತ್ತು. ಆದರೆ ಆ ದೌರ್ಬಲ್ಯ ರೋಗದ ಫಲ, ಮೂಲವಲ್ಲ. ಯಾರೋ ಸದಾ ಹೀರುತ್ತಿದ್ದರೆ ಹೀರಿಸಿಕೊಂಡವರು ಸೋತೇ ಸೋಲುತ್ತಾರೆ. ಪರೀಕ್ಷೆಗೆ ಕೂಡಿಸಿದರೆ ಸೋತವರೇ ಸಿಕ್ಕಿಬೀಳುತ್ತಾರೆ. "ಮನ್ಯಾಗ ಸುಮ್ಮನ ಕುಂತಿರ್ತಾಳ, ಆದ್ರೂ ದಣಿವಂತ" ಎಂದು ಹೆಂಗಸರ ಬಗ್ಗೆ ಆಡುವ ಮಾತಿನಲ್ಲೂ ಇದೇ ತಪ್ಪಿದೆ. ನಿಂತಿದ್ದಾಳೆ ಎಂದು ಕಾಣುವುದರಿಂದ ಏನೂ ಖರ್ಚಾಗುತ್ತಿಲ್ಲ ಎಂದು ತಿಳಿಯುತ್ತೇವೆ.

ಎರಡನೆಯದು ಕಣ್ಣಿನ ಮಿತಿ. ಡಿಕ್ಕಿಯ ದೀಪ ಮುಚ್ಚಿದಾಗ ಉರಿಯುತ್ತಿದೆಯೇ ಎಂದು ನೋಡಲು ಡಿಕ್ಕಿ ತೆರೆದರೆ ಅದು ಉರಿಯುತ್ತಲೇ ಇರುತ್ತದೆ. ಉರಿಯಬೇಕಾದದ್ದೇ ಹಾಗೆ. ಕೆಟ್ಟ ಸ್ವಿಚ್ಚೂ ಒಳ್ಳೆಯ ಸ್ವಿಚ್ಚೂ ನೋಡುವವನ ಮುಂದೆ ಒಂದೇ ರೀತಿ ನಡೆದುಕೊಳ್ಳುತ್ತವೆ. ಪ್ರತ್ಯಕ್ಷ ಸೋಲುವ ಇಂಥ ಕಡೆಯೇ ಅನುಮಾನ ಪ್ರಮಾಣ ಬೇಕು ಎನ್ನುತ್ತದೆ ನ್ಯಾಯದರ್ಶನ. ಹೊಗೆ ಇದ್ದಲ್ಲಿ ಬೆಂಕಿ ಎಂಬ ಅನ್ವಯ ಸಾಲದು, ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ ಎಂಬ ವ್ಯತಿರೇಕವೂ ಬೇಕು. ಎಲೆಕ್ಟ್ರಿಷಿಯನ್ ಫ್ಯೂಸ್ ಕಿತ್ತು ನೋಡಿದ್ದು ವ್ಯತಿರೇಕ. ಮಾಸ್ತರರ ಬಳಿ ಇದ್ದದ್ದು ಅನ್ವಯ ಮಾತ್ರ. ವ್ಯತಿರೇಕಕ್ಕೆ ಅವಕಾಶ ಒದಗಿತ್ತು. ಫೆಬ್ರವರಿಯಲ್ಲಿ ಹುಡುಗ ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋದ ವಾರವೂ ಕಾರು ಎದ್ದಿರಲಿಲ್ಲ. ಆ ವಾರದ ತಪ್ಪನ್ನು ಅವರು ಚಳಿಯ ಮೇಲೆ ಹಾಕಿದ್ದರು. ಬಿಡಿಸಿದ ಮೇಲೆ ಎರಡು ವಾರ ಕಾರು ಎದ್ದದ್ದನ್ನು ಮಾತ್ರ ಸಾಕ್ಷಿಯೆಂದು ಎಣಿಸಿದರು. ಅದು ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸರಿಹೋದ ಕಾಕತಾಳೀಯ.

ಮೂರನೆಯದು ನನ್ನನ್ನು ಹೆಚ್ಚು ಕಾಡಿದ್ದು. ಹುಡುಗನ ಮಾತು ಯಾಕೆ ಸಾಕ್ಷಿಯಾಗಿ ಕೇಳಿಸಲಿಲ್ಲ? ಶಬ್ದವೂ ಒಂದು ಪ್ರಮಾಣವೇ, ಆಪ್ತನಾಡಿದ ಮಾತು. ಆಪ್ತ ಯಾರು ಎಂಬುದಕ್ಕೆ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಕೊಡುವ ವಿವರಣೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ವಿಷಯವನ್ನು ನೇರ ಕಂಡವನು, ಕಂಡಂತೆ ಹೇಳಬೇಕೆಂಬ ಮನಸ್ಸುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎನ್ನುತ್ತಾನೆ ಅವನು. ಸುಮಾರು ಒಂದೂವರೆ ಸಾವಿರ ವರ್ಷಗಳ ನಂತರ, 2007ರಲ್ಲಿ, ಮಿರಾಂಡಾ ಫ್ರಿಕರ್ ಇದರ ಉಲ್ಲಂಘನೆಗೆ ಹೆಸರಿಟ್ಟಳು. ಹೇಳುವವನ ಬಗ್ಗೆ ನಮಗಿರುವ ಪೂರ್ವಗ್ರಹದಿಂದ ಅವನ ಮಾತಿನ ತೂಕ ತಗ್ಗಿಸುವುದು ಸಾಕ್ಷ್ಯದಲ್ಲಿ ಮಾಡುವ ಅನ್ಯಾಯ. "ರೇಡಿಯೊ ಹತ್ತೂದ ಇಲ್ಲ" ಎಂಬ ಇದೇ ಮಾತನ್ನು ಮಾಸ್ತರರ ಅಳಿಯ ಆಡಿದ್ದರೆ ಬ್ಯಾಟರಿ ಶನಿವಾರಕ್ಕೆ ಮೊದಲೇ ಸಾಯುತ್ತಿದೆ ಎಂಬ ಸುಳಿವು ಅಂದೇ ಸಿಕ್ಕುತ್ತಿತ್ತು. ರೇಡಿಯೊ ಎರಡು ಆಂಪಿಯರ್ ತಿಂದರೂ ಅರ್ಧ ಗಂಟೆಗೆ ಒಂದು ಆಂಪಿಯರ್-ಅವರ್ ಅಷ್ಟೇ, ಅದಕ್ಕೆ 35ರ ಬ್ಯಾಟರಿ ಸಾಯುವುದಿಲ್ಲ ಎಂಬ ಲೆಕ್ಕವನ್ನೂ ಯಾರಾದರೂ ಹಾಕುತ್ತಿದ್ದರು.

ಮಾಸ್ತರರು ಕೆಟ್ಟವರಲ್ಲ. ಗೊತ್ತಿದ್ದ ಮಾಹಿತಿಯ ಮೇಲೆ ಶಂಕಿಸಿದರು, ಶಂಕೆಯಿಲ್ಲದೆ ಪತ್ತೆಯೂ ಇಲ್ಲ, ಎಲೆಕ್ಟ್ರಿಷಿಯನ್ನೂ ಮೊದಲು ರೇಡಿಯೊವನ್ನೇ ಶಂಕಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ರೇಡಿಯೊವನ್ನು ಶಂಕಿಸಿದರೆ ರೇಡಿಯೊಗೆ ನಷ್ಟವಿಲ್ಲ. ಅದರ ಫ್ಯೂಸನ್ನು ಕಿತ್ತು, ತಪ್ಪಿಲ್ಲವೆಂದು ಕಂಡ ಕೂಡಲೇ ಇದ್ದಲ್ಲೇ ಒತ್ತಬಹುದು. ಮನುಷ್ಯನನ್ನು ಕಿತ್ತು ನೋಡುವುದು ಹಾಗಲ್ಲ. ಪರೀಕ್ಷೆಯೇ ಶಿಕ್ಷೆಯಾಗುವಲ್ಲಿ ಶಂಕಿಸುವವನ ಮೇಲೆ ಪುರಾವೆಯ ಭಾರ ಹೆಚ್ಚಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು.

ಯಾಕೆ ಎಂಬುದಕ್ಕೆ ಆರ್. ಜಿ. ಕಾಲಿಂಗ್‌ವುಡ್ 1940ರ ತನ್ನ ತತ್ವಮೀಮಾಂಸೆಯ ಪುಸ್ತಕದಲ್ಲಿ ಕೊಡುವ ಕಾರಿನ ಉದಾಹರಣೆ ನೆರವಾಗುತ್ತದೆ. ತಿರುವಿನಲ್ಲಿ ಕಾರು ಜಾರಿ ಮಗುಚಿತು. ಚಾಲಕನಿಗೆ ಅತಿವೇಗ ಕಾರಣ, ರಸ್ತೆ ಅಧಿಕಾರಿಗೆ ರಸ್ತೆಯ ಮೈ ಕಾರಣ, ಕಾರು ತಯಾರಿಸಿದವನಿಗೆ ಅದರ ವಿನ್ಯಾಸ ಕಾರಣ. ಇರುವ ಹಲವು ಸಂಗತಿಗಳಲ್ಲಿ ಯಾವುದು ನಮ್ಮ ಕೈಗೆ ಎಟುಕುತ್ತದೋ ಅದನ್ನೇ ನಾವು ಕಾರಣ ಎಂದು ಕರೆಯುತ್ತೇವೆ. ಕಾಲಿಂಗ್‌ವುಡ್‌ನ ಈ ಮಾತಿಗೆ ನಮ್ಮ ಓಣಿಯ ಅನುಭವದಿಂದ ಒಂದನ್ನು ಸೇರಿಸಬೇಕೆನ್ನಿಸುತ್ತದೆ. ಕೈಗೆ ಎಟುಕುವ ವಸ್ತುಗಳಲ್ಲಿ ಅತಿ ಸುಲಭವಾಗಿ ಎಟುಕುವುದು ನಮಗಿಂತ ಕೆಳಗಿರುವ ಮನುಷ್ಯ. ವೈರಿಂಗ್ ಬಿಚ್ಚಲು ಮೀಟರು, ಸಮಯ, ಹುಬ್ಬಳ್ಳಿಯಿಂದ ಬರುವವರಿಗೆ ಹಣ ಬೇಕು. ಹುಡುಗನನ್ನು ಬಿಡಿಸಲು ಒಂದು ಮಾತು ಸಾಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವು ದಡ್ಡತನದ ಗಾದೆ ಎಂದುಕೊಂಡಿದ್ದೇವೆ. ಎಮ್ಮೆ ಹತ್ತಿರದಲ್ಲಿ ಕಟ್ಟಿತ್ತು ಎಂಬುದೂ ಅದರಲ್ಲಿ ಇದ್ದೀತು.

ಸ್ವಿಚ್ಚು ಬದಲಾದ ಮೇಲೆ ಮಾಸ್ತರರು, "ಗೊತ್ತಾತಲ್ಲ, ಮುಗೀತು ಬಿಡ್ರಿ" ಎಂದರು. ಕೆಲ ದಿನಗಳ ಬಳಿಕ ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗನಿಗೆ ನಾನು ವಿಷಯ ತಿಳಿಸಿದೆ. ಅವನು ಖುಷಿಪಡಲಿಲ್ಲ. "ನೀವು ಹೇಳಿದ್ರ ಏನ್ ಬಂತ್ರಿ ಅಕ್ಕಾರ, ಅವರು ಹೇಳಬೇಕಲ್ರಿ" ಎಂದ.

ಅವನ ಮಾತಿನಲ್ಲಿ ಕಾರಣ ಮತ್ತು ಕಳಂಕದ ನಡುವಿನ ವ್ಯತ್ಯಾಸ ಇದೆ. ಕಾರಣ ಪತ್ತೆಯಾದರೆ ಕಾರಿನ ಕೆಲಸ ಮುಗಿಯಿತು. ಕಳಂಕ ಕಾರಣವನ್ನು ಆಧರಿಸಿ ಹುಟ್ಟಿದ್ದಲ್ಲ, ಮಾತಿನಿಂದ ಹುಟ್ಟಿದ್ದು. ಆದ್ದರಿಂದ ಸತ್ಯ ಎಲ್ಲೋ ತಿಳಿದುಬಂದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಯಾವ ಬಾಯಿ ಆಡಿತ್ತೋ ಅದೇ ಬಾಯಿ, ಯಾವ ಕಿವಿಗಳು ಕೇಳಿದ್ದವೋ ಅವೇ ಕಿವಿಗಳ ಮುಂದೆ ಹಿಂತೆಗೆದುಕೊಳ್ಳಬೇಕು. ಇದು ಔದಾರ್ಯವಲ್ಲ, ಬಾಕಿ. ತಪ್ಪು ಅನುಮಾನಕ್ಕೆ ಕ್ಷಮೆಯಿದೆ, ಏಕೆಂದರೆ ತಿಳಿವಳಿಕೆಗೆ ಮಿತಿಯಿದೆ. ತಿಳಿದ ಮೇಲಿನ ಮೌನಕ್ಕೆ ಆ ನೆಪವೂ ಇಲ್ಲ. ಎಲೆಕ್ಟ್ರಿಷಿಯನ್ ಕಿತ್ತ ಪ್ರತಿ ಫ್ಯೂಸನ್ನೂ ಅದರ ಜಾಗಕ್ಕೆ ಮರಳಿಸಿಯೇ ಮುಂದಿನದಕ್ಕೆ ಕೈ ಹಾಕಿದರು. ಮರಳಿಸದೆ ಹೋದರೆ ಪರೀಕ್ಷೆ ಕೆಡುತ್ತದೆ ಎಂಬುದು ಅವರ ಕಸುಬಿನ ಮೊದಲ ಪಾಠ. ನಮ್ಮ ಓಣಿ ಇನ್ನೂ ಅಷ್ಟು ಕಲಿತಿಲ್ಲ.