ಮರಣದಲ್ಲಿ ನೋಡಬೇಕಾದದ್ದು

‘ಶರಣರ ಗುಣವನ್ನು ಮರಣದಲ್ಲಿ ನೋಡು.’ ಯಾರಾದರೂ ನರಳದೆ, ಮನೆಯವರಿಗೆ ಹೊರೆಯಾಗದೆ ಹೋದಾಗ ಹಿರಿಯರ ಬಾಯಲ್ಲಿ ಈ ಮಾತು ಬರುತ್ತದೆ. ಆದರೆ ಸುಲಭದ ಸಾವು ಕೆಟ್ಟವರಿಗೂ ಬರುತ್ತದೆ. ಎಷ್ಟೋ ಒಳ್ಳೆಯವರು ವರ್ಷಗಟ್ಟಲೆ ಹಾಸಿಗೆ ಹಿಡಿದು ನವೆಯುತ್ತಾರೆ. ಹಾಗಿದ್ದರೆ ಮರಣದಲ್ಲಿ ನೋಡಬೇಕಾದದ್ದು ಏನನ್ನು? ಅಮೆರಿಕದ ವಕೀಲ, ರಾಜಕಾರಣಿ ಥ್ಯಾಡಿಯಸ್ ಸ್ಟೀವನ್ಸ್‌ನ ಬಾಳು ಇದಕ್ಕೆ ಉತ್ತರ ಕೊಡುತ್ತದೆ ಎಂದು ನನ್ನ ನಂಬಿಕೆ.

1868ರ ಆಗಸ್ಟ್ 11ರಂದು ಸ್ಟೀವನ್ಸ್ ವಾಷಿಂಗ್ಟನ್‌ನಲ್ಲಿ ತೀರಿಕೊಂಡಾಗ ಸಂಸತ್ ಭವನದ ಗುಮ್ಮಟದಡಿ ದೇಹವನ್ನು ಸಾರ್ವಜನಿಕ ದರ್ಶನಕ್ಕಿಟ್ಟಿದ್ದರು. ಹೂಳಿದ್ದು ಮಾತ್ರ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನ ಒಂದು ಸಣ್ಣ ಸ್ಮಶಾನದಲ್ಲಿ. ಬೇರೆ ಸ್ಮಶಾನಗಳ ನಿಯಮದಲ್ಲಿ ಜನಾಂಗದ ಕಟ್ಟುಪಾಡಿತ್ತು, ಕಪ್ಪುಜನರಿಗೆ ಅಲ್ಲಿ ಜಾಗವಿರಲಿಲ್ಲ. ಅದಕ್ಕಾಗಿಯೇ ಆತ ಈ ಜಾಗವನ್ನು ಆರಿಸಿಕೊಂಡಿದ್ದ. ಬದುಕಿಡೀ ವಾದಿಸಿದ ಸಮಾನತೆಯನ್ನು ಸಾವಿನಲ್ಲೂ ತೋರಿಸಲು ಹೀಗೆ ಮಾಡಿದೆನೆಂದು ಸಮಾಧಿಯ ಕಲ್ಲಿನ ಮೇಲೆ ಹೇಳಿದ್ದಾನೆ. ನಮ್ಮ ಗಾದೆಯ ಹೆಸರೂ ಕೇಳದ ಮನುಷ್ಯ!

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಗೆಟ್ಟಿಸ್‌ಬರ್ಗ್‌ನಲ್ಲಿ ಎಳೆಯ ವಕೀಲನಾಗಿದ್ದಾಗ, 1821ರಲ್ಲಿ, ಚಾರಿಟಿ ಬಟ್ಲರ್ ಎಂಬ ಗುಲಾಮ ಹೆಂಗಸಿನ ಬಿಡುಗಡೆಯ ಮೊಕದ್ದಮೆಯಲ್ಲಿ ಆತ ಒಡೆಯನ ಪರ ನಿಂತಿದ್ದ. ಹೊರಗಿನ ಒಡೆಯರು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ಇರಿಸಿಕೊಂಡ ಗುಲಾಮರು ಸ್ವತಂತ್ರರು ಎಂದು ಕಾನೂನಿತ್ತು. ಬಂದುಹೋದ ದಿನಗಳನ್ನು ಕೂಡಿಸಿದರೆ ಆಕೆಗೆ ಆರು ತಿಂಗಳು ತುಂಬುತ್ತಿತ್ತು. ಬಿಡದೆ ಒಂದೇ ಸಮನೆ ಇದ್ದಿರಬೇಕೆಂದು ನ್ಯಾಯಾಲಯ ಹೇಳಿತು. ಸ್ಟೀವನ್ಸ್ ಗೆದ್ದ, ಆಕೆ ಸೋತಳು. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳಿದರೆ ಚಾರಿಟಿಗೆ ಎರಡನೆಯ ಅನ್ಯಾಯವಾಗುತ್ತದೆ.

ಮುಂದೆ ಅದೇ ವಕೀಲ ಓಡಿಬಂದ ಗುಲಾಮರ ಪರ ವಾದಿಸಿದ. 1838ರಲ್ಲಿ ರಾಜ್ಯದ ಹೊಸ ಸಂವಿಧಾನ ಕಪ್ಪುಜನರ ಮತದಾನದ ಹಕ್ಕನ್ನು ಕಿತ್ತುಕೊಂಡಾಗ, ಅದನ್ನು ರಚಿಸಿದ ಸಭೆಯ ಸದಸ್ಯನಾಗಿದ್ದೂ ಸಹಿ ಹಾಕಲಿಲ್ಲ. 1863ರಲ್ಲಿ, ಅಂತರ್ಯುದ್ಧದ ನಡುವೆ, ದಂಗೆಯೆದ್ದ ದಕ್ಷಿಣ ರಾಜ್ಯಗಳ ಸೈನಿಕರು ಆತನ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟರು, ನಿಲುವು ಸಡಿಲವಾಗಲಿಲ್ಲ. ದೇಶದ ಸಂವಿಧಾನದಲ್ಲಿ ಗುಲಾಮಗಿರಿಯನ್ನು ಅಳಿಸಿದ 13ನೆಯ ತಿದ್ದುಪಡಿಗೂ ಸಮಾನ ರಕ್ಷಣೆಯ 14ನೆಯ ತಿದ್ದುಪಡಿಗೂ ಸಂಸತ್ತಿನಲ್ಲಿ ದುಡಿದ. ದಂಗೆಯೆದ್ದ ಜಮೀನ್ದಾರರ ಭೂಮಿಯನ್ನು ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆಯಂತೆ ಹಂಚಬೇಕೆಂದ. ಅದು ಕೈಗೂಡಲಿಲ್ಲ.

ಮರಣ ಗುಣವನ್ನು ಕೊಡುವುದಿಲ್ಲ; ಸಂಪಾದಿಸಿದ್ದನ್ನು ಕಾಣಿಸುತ್ತದೆ, ಅಷ್ಟೆ. ಸಂಸತ್ತಿನಲ್ಲಿ ಸ್ಟೀವನ್ಸ್‌ಗೆ ಬಹುಮತ ಬೇಕಿತ್ತು, ಆತನ ಉಯಿಲಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅನಾಥ ಮಕ್ಕಳ ಆಶ್ರಮಕ್ಕೆಂದು ಅದರಲ್ಲಿ ಹಣ ತೆಗೆದಿರಿಸಿ, ಬಣ್ಣ ನೋಡದೆ ಎಲ್ಲರಿಗೂ ಒಂದೇ ತರಗತಿಯಲ್ಲಿ ಪಾಠ, ಒಂದೇ ಪಂಕ್ತಿಯಲ್ಲಿ ಊಟ ಎಂದು ಬರೆಸಿದ.